ದೂರು ಹೇಳುವ ದೀಪ

"ಬುದ್ಧೀ, ಮತ್ತೆ ಮತ್ತೆ ತಪ್ಪು ಮಾಡುವವನನ್ನು ಸೇವೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳಬೇಕು?"

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಮರುಳಸಿದ್ಧ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಬೆಳಗ್ಗೆ ಬಾಗಿಲಲ್ಲಿ ನಿಂತು ಬಂದ ಭಕ್ತರನ್ನು ಬರಮಾಡಿಕೊಳ್ಳುವುದು, ಎಷ್ಟು ಜನ ಬಂದರು, ಎಲ್ಲಿಂದ ಬಂದರು ಎಂದು ವಿಚಾರಿಸಿಕೊಳ್ಳುವುದು ಈಗ್ಗೆ ಕೆಲವು ತಿಂಗಳಿಂದ ಅವನ ಸೇವೆ. ಅದಾದ ಮೇಲೆ ಪೂಜೆಗೆ ಕೂರುತ್ತಿದ್ದ. ಕೂತನೆಂದರೆ ಪಕ್ಕದಲ್ಲಿ ನಗಾರಿ ಬಾರಿಸಿದರೂ ಕಣ್ಣು ತೆರೆಯುತ್ತಿರಲಿಲ್ಲ. ಅವನ ಪೂಜಾನಿಷ್ಠೆಯನ್ನು ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು.

ಅವನು ಕೇಳಿದ್ದು ದಾಸೋಹದ ಅಡುಗೆಯ ಹಾಲಯ್ಯನ ವಿಷಯ. ಒಂದು ದಿನ ಅನ್ನ ಸಾಲದೆ ಪಂಕ್ತಿ ಅರ್ಧಕ್ಕೆ ನಿಲ್ಲುತ್ತದೆ. ಮರುದಿನ ಅನ್ನ ಮಿಕ್ಕು ದನದ ಬಾನಿಗೆ ಹೋಗುತ್ತದೆ. ಕೇಳಹೋದರೆ ಹಾಲಯ್ಯ ಸೌಟು ಕುಕ್ಕಿ ಗೊಣಗುತ್ತಾನೆ. ಮೂರು ತಿಂಗಳಿಂದ ಇದೇ ಪಾಡು. ಬೇರೊಬ್ಬ ಅಡುಗೆಯವನನ್ನು ನೋಡಿಟ್ಟಿದ್ದೇನೆ, ಅಪ್ಪಣೆಯಾದರೆ ನಾಳೆಯೇ ಹಾಲಯ್ಯನನ್ನು ಕಳಿಸಿಬಿಡುತ್ತೇನೆ ಎಂದು ಮರುಳಸಿದ್ಧ ಅರಿಕೆ ಮಾಡಿಕೊಂಡ. ಹಾಲಯ್ಯ ಇಪ್ಪತ್ತು ವರ್ಷದಿಂದ ಆ ಒಲೆಯ ಮುಂದೆಯೇ ಇದ್ದವನು. ಮಠ ಬಿಟ್ಟರೆ ಅವನಿಗೆ ಹೋಗಲು ಜಾಗವಿರಲಿಲ್ಲ.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ ಒಂದು ಕತೆ ಹೇಳಿದರು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬಳು ದಾದಿ ಇದ್ದಳು. ಚಿಕ್ಕಂದಿನ ಜ್ವರದಲ್ಲಿ ಅವಳ ಎಡಗಾಲು ಸೋತು ಹೋಗಿತ್ತು. ಎಲ್ಲರ ಕಾರಿನಲ್ಲಿ ಇರುವ ಕ್ಲಚ್ಚು ಒತ್ತಲು ಎಡಗಾಲೇ ಬೇಕು. ಹಾಗಾಗಿ ಅವಳು ತಾನಾಗಿಯೇ ಗೇರು ಬದಲಿಸಿಕೊಳ್ಳುವ ಒಂದು ಹಳೇ ಕಾರನ್ನು ಹುಡುಕಿ ತಂದಿದ್ದಳು. ಬಣ್ಣ ಮಾಸಿತ್ತು, ಒಂದು ಬಾಗಿಲನ್ನು ಒಳಗಿನಿಂದಲೇ ತೆರೆಯಬೇಕಿತ್ತು. ಆದರೂ ಪ್ರತಿ ಗುರುವಾರ ಆ ಕಾರು ಹನ್ನೊಂದು ತಿರುವಿನ ಘಾಟಿ ಹತ್ತಿ, ಮೇಲಿನ ಏಳು ಹಟ್ಟಿಗಳಿಗೆ ಲಸಿಕೆಯ ಪೆಟ್ಟಿಗೆಯನ್ನೂ ಅವಳನ್ನೂ ಮುಟ್ಟಿಸುತ್ತಿತ್ತು. ಹಟ್ಟಿಯ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು.

ಒಂದು ಗುರುವಾರ ಘಾಟಿಯ ಮಧ್ಯದಲ್ಲಿ ಕಾರು ಯಾರೋ ಹಿಂದಿನಿಂದ ಎಳೆದ ಹಾಗೆ ಜಗ್ಗಿತು. ವೇಗ ತೋರಿಸುವ ಮುಳ್ಳು ಸೊನ್ನೆಗೆ ಬಿತ್ತು. ಸ್ಟಿಯರಿಂಗಿನ ಮುಂದಿನ ಪಟ್ಟಿಯಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡಿತು. ಎಂಜಿನ್ನು ಕೂಗುತ್ತದೆ, ಗಾಡಿ ಏರುವುದಿಲ್ಲ. ಹೇಗೋ ತಿರುಗಿಸಿಕೊಂಡು ಕೆಳಗಿಳಿದಳು. ಮುಂದಿನ ವಾರವೂ ಹಾಗೇ ಆಯಿತು. ಅವಳ ಮೇಲಿನ ಅಧಿಕಾರಿ ಕೆಟ್ಟವನಲ್ಲ. ಅವನೂ ಮೇಲಿನವರಿಗೆ ಉತ್ತರ ಹೇಳಬೇಕಿತ್ತು. ಬರುವ ಗುರುವಾರದೊಳಗೆ ಗಾಡಿ ಸರಿಹೋಗದಿದ್ದರೆ ನೀನು ಕೆಳಗಿನ ಆಸ್ಪತ್ರೆಯಲ್ಲೇ ಕೂರು, ಹಟ್ಟಿಯವರು ಬೇಕಾದರೆ ಇಳಿದು ಬರಲಿ ಎಂದ. ಯಾರು ಇಳಿದು ಬರುತ್ತಾರೆ, ಯಾರು ಬರಲಾರರು ಎಂದು ದಾದಿಗೆ ಹೆಸರು ಹೆಸರು ಹಿಡಿದು ಗೊತ್ತಿತ್ತು. ತುಂಬಿದ ಬಸುರಿಯರೇ ಮೂವರಿದ್ದರು.

ಅವಳು ಊರಿನ ದೊಡ್ಡ ಗ್ಯಾರೇಜಿಗೆ ಹೋದಳು. ಅಲ್ಲಿ ಕಾರಿನ ಕಾಯಿಲೆ ಓದುವ ಯಂತ್ರವಿತ್ತು. ಆದರೆ ಕಾರು ಆ ಯಂತ್ರಕ್ಕಿಂತ ಹಳೆಯದು. ಯಂತ್ರದ ಮೂತಿ ಕಾರಿಗೆ ಕೂರಲಿಲ್ಲ. ಗ್ಯಾರೇಜಿನ ಮಾಲೀಕ ಒಂದು ಸುತ್ತು ಓಡಿಸಿ ಬಂದು ಕೈ ಒರೆಸಿಕೊಂಡ. ಗೇರ್ ಬಾಕ್ಸೇ ಹೋಗಿದೆ, ಇದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಗುಜರಿಗೆ ಹಾಕುವುದೇ ವಾಸಿ ಎಂದ.

ದಾದಿ ಅಳಲಿಲ್ಲ. ಕಾರನ್ನು ಮೆಲ್ಲಗೆ ನಡೆಸಿಕೊಂಡು ಊರಾಚೆಯ ಹೊಂಗೆಮರದ ಕೆಳಗೆ ತಂದು ನಿಲ್ಲಿಸಿದಳು. ಅಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದ. ದೈವಭಕ್ತ. ಯಾವ ಗಾಡಿಯ ಬಾನೆಟ್ಟು ಎತ್ತುವ ಮೊದಲೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವನಿಗೆ ಹಳೇ ಕಾರುಗಳ ಭಾಷೆ ಬರುತ್ತಿತ್ತು.

ಆ ಕಾಲದ ಕಾರುಗಳ ಸ್ಟಿಯರಿಂಗಿನ ಅಡಿಯಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರ ಎರಡು ತೂತುಗಳನ್ನು ತುಂಡು ವೈರಿನಿಂದ ಕೂಡಿಸಿದರೆ ಹಳದಿ ದೀಪ ಮಿಟುಕಿ ಮಿಟುಕಿ ತನ್ನ ದೂರು ಹೇಳುತ್ತದೆ. ಉದ್ದ ಮಿಟುಕಿದರೆ ಹತ್ತು, ಗಿಡ್ಡ ಮಿಟುಕಿದರೆ ಒಂದು. ಮೇಸ್ತ್ರಿ ಕಾರಿನ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಬೆರಳ ಗೆಣ್ಣು ಎಣಿಸಿದ. ನಾಲ್ಕು ಉದ್ದ, ಎರಡು ಗಿಡ್ಡ. ಸ್ವಲ್ಪ ಕತ್ತಲೆ. ಆರು ಉದ್ದ, ಒಂದು ಗಿಡ್ಡ. ದಾದಿ ಲಸಿಕೆ ಚೀಟಿಯ ಹಿಂದೆ ಬರೆದುಕೊಂಡಳು: ನಲವತ್ತೆರಡು, ಅರವತ್ತೊಂದು.

ಅದೇ ಹೊತ್ತಿಗೆ ದೊಡ್ಡ ಗ್ಯಾರೇಜಿನ ಮಾಲೀಕ ಬೈಕಿನಲ್ಲಿ ಬಂದವನು ಕಾಲೂರಿ ನಿಂತ.

"ಏನು ಮೇಸ್ತ್ರಿ, ಕಾರಿನ ಮುಂದೆ ಜಪಕ್ಕೆ ಕೂತಂಗಿದೆ. ಎಷ್ಟು ಲಕ್ಷ ಆದ್ರೆ ಗೇರು ಬೀಳುತ್ತೆ?"

"ಅದು ಏನೋ ಹೇಳ್ಕೊಳ್ತಾ ಇದೆ ಸಾವ್ಕಾರ್ರೆ. ಕೇಳೋರು ಬೇಕಲ್ಲ, ಕೂತಿದೀನಿ," ಎಂದ ಮೇಸ್ತ್ರಿ, ಎಣಿಕೆ ತಪ್ಪಿಸದೆ.

ಅವನ ಬಳಿ ಎಣ್ಣೆ ಕುಡಿದ ಒಂದು ನೋಟ್ ಪುಸ್ತಕವಿತ್ತು. ತೆರೆದು ನೋಡಿದ. ಅರವತ್ತೊಂದು ಗೇರ್ ಬಾಕ್ಸಿನ ದೂರು: ಹಾಕಿದ ಗೇರಿಗೂ ವೇಗಕ್ಕೂ ತಾಳೆಯಾಗುತ್ತಿಲ್ಲ. ನಲವತ್ತೆರಡು ವೇಗದ ದೂರು: ಎಷ್ಟು ಜೋರಾಗಿ ಹೋಗುತ್ತಿದ್ದೇವೆ ಎಂಬ ಸುದ್ದಿ ಬರುತ್ತಿಲ್ಲ. ಗೇರ್ ಬಾಕ್ಸಿನ ಮಗ್ಗುಲಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸಾರ್ ಇರುತ್ತದೆ. ಚಕ್ರ ಎಷ್ಟು ಬೇಗ ತಿರುಗುತ್ತಿದೆ ಎಂದು ನೋಡಿ ವೈರಿನ ಮೂಲಕ ಕಾರಿನೊಳಗಿನ ಕಂಪ್ಯೂಟರ್ ಪೆಟ್ಟಿಗೆಗೆ ಹೇಳಿ ಕಳಿಸುವುದು ಅದರ ಕೆಲಸ. ಆ ಸುದ್ದಿ ಕೇಳಿಕೊಂಡು ಪೆಟ್ಟಿಗೆ ಗೇರು ಆರಿಸುತ್ತದೆ. ಸುದ್ದಿ ಬರದೇ ಹೋದರೆ ಅದಕ್ಕೆ ದಿಕ್ಕು ತೋಚುವುದಿಲ್ಲ. ಒಂದೇ ಗೇರನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತುಬಿಡುತ್ತದೆ.

ಮೇಸ್ತ್ರಿಗೆ ಒಂದು ಪದ್ಧತಿ ಇತ್ತು. ಇಬ್ಬರು ದೂರು ತಂದರೆ ಇಬ್ಬರ ಮಾತನ್ನೂ ಅಳಿಸಿ, ಮತ್ತೆ ಮೊದಲು ಬಾಯಿ ತೆರೆಯುವವರು ಯಾರೆಂದು ಕಾಯುತ್ತಿದ್ದ. ಫ್ಯೂಸು ಕಿತ್ತು ಹಾಕಿ ದೀಪದ ನೆನಪನ್ನು ಅಳಿಸಿದ. ದಾದಿಯ ಪಕ್ಕ ಕೂತು ಘಾಟಿಯ ಕಡೆ ಹೊರಟ. ಬಯಲು ದಾರಿಯಲ್ಲಿ ಕಾರು ಬೆಣ್ಣೆಯ ಹಾಗೆ ಹೋಯಿತು. ಘಾಟಿಯ ಮೊದಲನೇ ತಿರುವಿನಲ್ಲೇ ದೀಪ ಹೊತ್ತಿತು. ನಿಲ್ಲಿಸಿ ಎಣಿಸಿದ. ಬರೀ ನಲವತ್ತೆರಡು. ಅರವತ್ತೊಂದರ ಸುಳಿವಿಲ್ಲ. ಗೇರ್ ಬಾಕ್ಸು ನಿರಪರಾಧಿ. ಸುದ್ದಿ ಸಿಗದೆ ಮುಗ್ಗರಿಸಿದೆ, ಅಷ್ಟೆ.

ಇಲ್ಲಿಗೆ ಬಂದಾಗ ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. ಹಾಗಾದರೆ ತಪ್ಪೆಲ್ಲ ಆ ಸೆನ್ಸಾರಿನದೇ ಎಂದ.

ಗುರುಗಳು ನಕ್ಕರು. ಮೇಸ್ತ್ರಿಯೂ ನಿನ್ನಷ್ಟೇ ಬೇಗ ಹಾಗೆಂದುಕೊಂಡ ಎಂದು ಮುಂದುವರಿಸಿದರು.

ಅಂಥದೇ ಹಳೇ ಕಾರೊಂದರ ಸೆನ್ಸಾರ್ ಅವನ ಡಬ್ಬದಲ್ಲಿತ್ತು. ಇದನ್ನು ಬಿಚ್ಚಿ ಅದನ್ನು ಹಾಕಿದ. ನಿಮ್ಮ ಗುರುವಾರಕ್ಕೆ ಮೋಸವಿಲ್ಲ ಎಂದು ದಾದಿಗೆ ಮಾತೂ ಕೊಟ್ಟ. ಮಂಗಳವಾರ ಇಬ್ಬರೂ ಘಾಟಿಗೆ ಹೋದರು. ಮೂರನೇ ತಿರುವಿನಲ್ಲಿ ಕಾರು ಜಗ್ಗಿತು, ಮುಳ್ಳು ಬಿತ್ತು, ದೀಪ ಹೊತ್ತಿತು. ನಾಲ್ಕು ಉದ್ದ, ಎರಡು ಗಿಡ್ಡ. ಹಿಂದಿರುಗುವಾಗ ದಾದಿ ಮೂವರು ಬಸುರಿಯರ ಹೆಸರನ್ನು ಒಂದೊಂದಾಗಿ ಹೇಳಿದಳು. ಅದು ಮೇಸ್ತ್ರಿಯ ಎದೆಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಚಹಾದಂಗಡಿಯಲ್ಲಿ ಗ್ಯಾರೇಜಿನ ಮಾಲೀಕ ಬೆರಳ ಗೆಣ್ಣು ಎಣಿಸಿ ತೋರಿಸಿ ಜನರನ್ನು ನಗಿಸುತ್ತಿದ್ದ ಸುದ್ದಿಯೂ ಬಂತು.

ಬುಧವಾರ ಬೆಳಗ್ಗೆ ಮೇಸ್ತ್ರಿ ಮಿಂದು ಪೂಜೆಗೆ ಕೂತ. ಕಣ್ಣು ಮುಚ್ಚಿದರೆ ಶಿವನ ಬದಲು ಆ ಹಳದಿ ದೀಪವೇ ಬಂದು ನಿಲ್ಲುತ್ತಿತ್ತು. ಓಡಿಸಿದಷ್ಟೂ ಮತ್ತೆ ಬಂತು. ಕೊನೆಗೆ, ಶಿವನೇ, ನೀನು ದೀಪವನ್ನೇ ತೋರಿಸುವುದಾದರೆ ನಾನು ದೀಪವನ್ನೇ ನೋಡುತ್ತೇನೆ ಎಂದು ಮನಸ್ಸು ಒಪ್ಪಿಸಿ ಸುಮ್ಮನಾದ. ದೇವರ ದಯೆ ದೊಡ್ಡದು. ಶರಣಾದವನನ್ನು ಅವನು ಬರಿಗೈಯಲ್ಲಿ ಏಳಿಸುವುದಿಲ್ಲ. ಮೇಸ್ತ್ರಿಗೆ ಮೆಲ್ಲಗೆ ಹೊಳೆಯಿತು. ದೀಪ ಹೇಳಿದ್ದು ಸುದ್ದಿ ಬರಲಿಲ್ಲ ಎಂದು ಮಾತ್ರ. ಸುದ್ದಿ ತಡೆದವರು ಯಾರೆಂದು ಅದು ಯಾವತ್ತೂ ಹೇಳಿಲ್ಲ. ನಾನು ಹೋಗಿ ಕಳಿಸುವವನ ಕುತ್ತಿಗೆ ಹಿಡಿದೆ. ಅವನು ಕಳಿಸಿಯೇ ಇರಬಹುದು. ಇತ್ತ ಕೇಳುವವನು ಕಿವಿ ತೆರೆದೇ ಕೂತಿರಬಹುದು. ನಡುವೆ ಒಂದು ದಾರಿ ಇದೆಯಲ್ಲ.

ವಿಭೂತಿ ಧರಿಸಿದವನೇ ಎದ್ದು ದಾದಿಯ ಮನೆಗೆ ಹೋದ. ಎರಡು ವಾರದಿಂದ ಎಲ್ಲರೂ ಕಾರನ್ನು ವಿಚಾರಿಸಿದ್ದರು. ಓಡಿಸುವವಳನ್ನು ಯಾರೂ ಕೇಳಿರಲಿಲ್ಲ.

"ನರ್ಸಮ್ಮ, ಮುಳ್ಳು ಬೀಳೋದು ಯಾವಾಗ? ನಿಧಾನಕ್ಕೆ ನೆನೆಸ್ಕೊಂಡು ಹೇಳಿ."

ದಾದಿ ಕಣ್ಣು ಮುಚ್ಚಿ, ಕೈಯನ್ನು ಸ್ಟಿಯರಿಂಗ್ ಹಿಡಿದ ಹಾಗೆ ಹಿಡಿದು, ಮನಸ್ಸಿನಲ್ಲೇ ಘಾಟಿ ಹತ್ತಿದಳು.

"ಬಲಕ್ಕೆ ತಿರುಗೋವಾಗ ಕಣಣ್ಣ. ಎಡಗಡೆ ತಿರುವಲ್ಲಿ ಒಂದು ಸಲನೂ ಬಿದ್ದಿಲ್ಲ."

ಮೇಸ್ತ್ರಿಯ ಮುಖ ಅರಳಿತು. ಏರಿನಲ್ಲಿ ಬಲಕ್ಕೆ ತಿರುಗಿದಾಗ ಎಂಜಿನ್ನು ತನ್ನ ಭಾರಕ್ಕೆ ಒಂದು ಕಡೆಗೆ ಚೂರು ವಾಲುತ್ತದೆ. ಅದರ ಜೊತೆಗೆ ವೈರುಗಳ ಕಟ್ಟೂ ವಾಲುತ್ತದೆ. ವಾಲಿ ಯಾವುದಕ್ಕೋ ತಾಗುತ್ತಿದೆ.

ಹೊಂಗೆಮರದ ಕೆಳಗೆ ಕಾರಿನ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಮುಂಭಾಗಕ್ಕೆ ಜಾಕ್ ಹಾಕಿ ಎತ್ತಿ, ಮರದ ದಿಮ್ಮಿಗಳ ಮೇಲೆ ಭದ್ರವಾಗಿ ಕೂರಿಸಿದ. ದಾದಿ ಒಳಗೆ ಕೂತು ಗಾಡಿ ಚಾಲೂ ಮಾಡಿ, ಗೇರಿಗೆ ಹಾಕಿ, ಪೆಡಲು ಒತ್ತಿದಳು. ಮುಂದಿನ ಚಕ್ರಗಳು ಗಾಳಿಯಲ್ಲಿ ತಿರುಗಿದವು. ಮುಳ್ಳು ನಲವತ್ತಕ್ಕೆ ಏರಿತು. ನೀವು ಮುಳ್ಳನ್ನು ಬಿಟ್ಟು ಬೇರೇನೂ ನೋಡಬೇಡಿ ಎಂದು ಹೇಳಿ ಮೇಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿದ. ಸೆನ್ಸಾರಿನ ಬುಡದಿಂದ ವೈರುಗಳ ಕಟ್ಟನ್ನು ಹಿಡಿದು, ಒಂದೊಂದು ಗೇಣಿಗೆ ನಿಂತು, ಒಂದು ಪಕ್ಕಕ್ಕೆ ಒತ್ತುತ್ತ ಬಂದ. ಮೊದಲ ಗೇಣಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ರೇಡಿಯೇಟರ್ ದಾಟಿ ಮುಂದಿನ ಜಾಲರಿಯ ಹಿಂದೆ ಬಂದಾಗ ಒತ್ತಿದ.

"ಬಿತ್ತು," ಎಂದಳು ದಾದಿ ಒಳಗಿನಿಂದ.

ಕೈ ಬಿಟ್ಟ. ಎದ್ದಿತು ಎಂದಳು. ಮತ್ತೆ ಒತ್ತಿದ, ಬಿತ್ತು. ಬಿಟ್ಟ, ಎದ್ದಿತು. ಮೂರು ಸಲ ಬಿದ್ದು ಮೂರು ಸಲ ಎದ್ದಿತು. ಮೇಸ್ತ್ರಿಯ ಕಣ್ಣಲ್ಲಿ ನೀರಿತ್ತು.

ಗಾಡಿ ನಿಲ್ಲಿಸಿ ಜಾಲರಿ ಬಿಚ್ಚಿದ. ಅದರ ಹಿಂದೆ ತುಕ್ಕು ಹಿಡಿದ ತಂತಿಗಳು ಸುರುಳಿ ಸುತ್ತಿಕೊಂಡು ಕೂತಿದ್ದವು. ಕಟ್ಟಡದ ಕಂಬಿ ಕಟ್ಟುವ ತೆಳು ತಂತಿ. ಎಣಿಸಿದರೆ ಒಂಬತ್ತು. ಒಂದರ ತುದಿ ಮುಳ್ಳಿನ ಹಾಗೆ ಹಿಂದಕ್ಕೆ ಚಾಚಿ ವೈರಿನ ಮೈ ಚುಚ್ಚಿತ್ತು. ಒಳಗಿನ ತಾಮ್ರ ಎಳ್ಳುಕಾಳಿನಷ್ಟು ಹೊಳೆಯುತ್ತಿತ್ತು. ವಾಲಿದಾಗಲೆಲ್ಲ ಆ ತಾಮ್ರ ತಂತಿಗೆ ತಾಗಿ ಸುದ್ದಿ ಅಲ್ಲೇ ಸೋರಿಹೋಗುತ್ತಿತ್ತು.

ನೋಡಿದ ಕೂಡಲೇ ದಾದಿಗೆ ತಿಳಿದುಹೋಯಿತು. ಪ್ರತಿ ಆಯುಧಪೂಜೆಗೆ ಹಟ್ಟಿಯವರು ಅವಳ ಕಾರನ್ನು ಹಟ್ಟಿಯ ಬಾಗಿಲಲ್ಲೇ ತಡೆಯುತ್ತಿದ್ದರು. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮಾರುದ್ದದ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. ಮೊದಮೊದಲು ಬಾಳೆಯ ನಾರಿನಲ್ಲಿ ಕಟ್ಟುತ್ತಿದ್ದರು. ಒಂದು ವರ್ಷ ಇಳಿಯುವಾಗ ನಾರು ಹರಿದು ಹಾರ ದಾರಿಯಲ್ಲಿ ಬಿತ್ತು. ಅದು ಅಪಶಕುನವೆಂದು ಅವರ ಮನಸ್ಸು ಹಿಂಡಿಹೋಯಿತು. ಅಂದಿನಿಂದ ತಂತಿ ತಂದರು. ಜಾಲರಿಯ ಒಳಗೆ ತೂರಿಸಿ, ಇಕ್ಕಳದಲ್ಲಿ ತಿರುಚಿ, ಜಗ್ಗಿದರೂ ಬರದ ಹಾಗೆ ಬಿಗಿದರು. ವಾರಕ್ಕೆ ಹೂವು ಬಾಡುತ್ತಿತ್ತು. ದಾದಿ ಹೂವು ಕಿತ್ತು ತೆಗೆಯುತ್ತಿದ್ದಳು. ತಂತಿ ಒಳಗೇ ಉಳಿಯುತ್ತಿತ್ತು. ಮುಂದಿನ ವರ್ಷ ಅದರ ಪಕ್ಕಕ್ಕೆ ಇನ್ನೊಂದು.

"ಹಟ್ಟಿಯೋರಿಗೆ ಹೇಳಬೇಡಿ ಅಣ್ಣ, ಎದೆ ಒಡ್ಕೋತಾರೆ," ಎಂದಳು ದಾದಿ. "ಅವರದು ಪ್ರೀತಿ."

"ಪ್ರೀತಿ ಹೂವಲ್ಲಿತ್ತು ತಾಯಿ. ತಂತಿ ತೆಗೆಯೋದು ಮಾತ್ರ ಯಾರಿಗೂ ನೆನಪಾಗಲಿಲ್ಲ," ಎಂದ ಮೇಸ್ತ್ರಿ.

ಒಂಬತ್ತನ್ನೂ ಕತ್ತರಿಸಿ ತೆಗೆದ. ಗಾಯವಾದ ವೈರಿಗೆ ಬೆಸುಗೆ ಹಾಕಿ, ಟೇಪು ಸುತ್ತಿ, ರಬ್ಬರಿನ ಕೊಳವೆ ತೊಡಿಸಿ, ಜಾಲರಿಯಿಂದ ದೂರಕ್ಕೆ ಸರಿಸಿ ಕಟ್ಟಿದ. ಕೊನೆಗೆ ತಾನು ಹಾಕಿದ್ದ ಸೆನ್ಸಾರನ್ನು ಬಿಚ್ಚಿ, ಕಾರಿನ ಹಳೆಯದನ್ನೇ ಒರೆಸಿ ಅದರ ಜಾಗದಲ್ಲಿ ಕೂರಿಸಿದ. ಅದೂ ತಪ್ಪು ಮಾಡಿರಲಿಲ್ಲ. ಅದರ ಜಾಗ ಅದಕ್ಕೆ ಸೇರಬೇಕಿತ್ತು.

ಗುರುವಾರ ಬಂತು. ದಾದಿ ಲಸಿಕೆಯ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು ಹೊರಟಳು. ಪಕ್ಕದಲ್ಲಿ ಮೇಸ್ತ್ರಿ. ಅವನು ರಸ್ತೆಯನ್ನು ನೋಡಲೇ ಇಲ್ಲ, ಮುಳ್ಳನ್ನು ನೋಡಿದ. ಮೊದಲ ತಿರುವು ಕಳೆಯಿತು. ಎರಡನೆಯದೂ ಕಳೆಯಿತು. ಮೂರನೇ ತಿರುವಿನ ಕಟ್ಟೆಯ ಮೇಲೆ ಗ್ಯಾರೇಜಿನ ಮಾಲೀಕ ಕೂತಿದ್ದ. ಕಾರು ನಿಂತರೆ ಎಳೆದು ತರಲು ಹಗ್ಗವನ್ನೂ ಬೈಕಿಗೆ ಸಿಕ್ಕಿಸಿಕೊಂಡು ಬಂದಿದ್ದ. ಕಾರು ಬಲಕ್ಕೆ ತಿರುಗಿತು. ವಾಲಿತು. ಒಂದು ಗೇರು ಇಳಿಸಿಕೊಂಡಿತು, ಮಗು ಮಗ್ಗುಲು ಬದಲಿಸಿದಷ್ಟು ಮೆತ್ತಗೆ. ಅವನ ಮುಂದೆಯೇ ಏರಿ ಹೋಯಿತು. ದಾದಿ ಬೇಕೆಂದೇ ಎರಡು ಸಲ ಹಾರನ್ ಹೊಡೆದಳು.

ಹನ್ನೊಂದು ತಿರುವಿನಲ್ಲಿ ಮುಳ್ಳು ಒಮ್ಮೆಯೂ ಬೀಳಲಿಲ್ಲ.

ಆ ಹಾರನ್ನು ಹಟ್ಟಿಗೆ ಗುರುತಿತ್ತು. ಕಾರು ಮೇಲೆ ಬರುವಷ್ಟರಲ್ಲಿ ಹೆಂಗಸರು ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ದಾರಿಗೆ ಬಂದಿದ್ದರು. ಅಂದು ಎರಡು ವಾರದ ಬಾಕಿಯೂ ಸೇರಿ ಇಪ್ಪತ್ತಾರು ಕೂಸುಗಳಿಗೆ ಲಸಿಕೆಯಾಯಿತು. ಮೂವರು ಬಸುರಿಯರಲ್ಲಿ ಒಬ್ಬಳಿಗೆ ಅಂದೇ ನೋವು ಕಾಣಿಸಿಕೊಂಡು, ಸಂಜೆಯೊಳಗೆ ದಾದಿಯ ಕೈಯಲ್ಲೇ ಹೆಣ್ಣುಮಗು ಹುಟ್ಟಿತು. ಹಟ್ಟಿಯವರ ಸಂತೋಷಕ್ಕೆ ಮೇರೆಯಿಲ್ಲ. ಇದ್ದಬದ್ದ ಹೂವೆಲ್ಲ ಕೊಯ್ದು ಹಾರ ಮಾಡಿ ತಂದರು. ಜೊತೆಗೆ ತಂತಿಯ ಸುರುಳಿಯನ್ನೂ ತಂದರು. ಮೇಸ್ತ್ರಿ ಯಾರನ್ನೂ ನೋಯಿಸಲಿಲ್ಲ. ಇವತ್ತು ಕಟ್ಟುವ ಸೇವೆ ನನಗೆ ಕೊಡಿ ಎಂದು ಕೇಳಿಕೊಂಡ. ಹಿತ್ತಿಲಿನಿಂದ ಬಾಳೆಯ ನಾರು ತರಿಸಿ, ಸಡಿಲ ಗಂಟು ಹಾಕಿ ಹಾರ ಕಟ್ಟಿದ.

ಇಳಿಯುವಾಗ ಐದನೇ ತಿರುವಿನಲ್ಲಿ ನಾರು ಹರಿದು ಹಾರ ಬಿತ್ತು. ಮುಳ್ಳು ಬೀಳಲಿಲ್ಲ. ಹೂವು ಬಿದ್ದ ಜಾಗಕ್ಕೆ ದಾದಿ ಕೈಮುಗಿದು ಗಾಡಿ ಮುಂದೆ ಬಿಟ್ಟಳು.

ಮರುದಿನ ಗ್ಯಾರೇಜಿನ ಮಾಲೀಕ ಹೊಂಗೆಮರದ ಕೆಳಗೆ ಬಂದು, ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ತಲೆ ಕೆರೆದುಕೊಂಡು, ಆ ಜಪ ನನಗೂ ಹೇಳಿಕೊಡಿ ಮೇಸ್ತ್ರಿ ಎಂದ.

ಗುರುಗಳು ಕತೆ ಮುಗಿಸಿದರು. ಮರುಳಸಿದ್ಧನ ಮುಖದಲ್ಲಿ ಬೆಳಕು ಬಂದಿತ್ತು. ಅವನು ಎದ್ದು ಅಡ್ಡಬಿದ್ದ.

"ತಿಳಿಯಿತು ಬುದ್ಧೀ. ಹಾಲಯ್ಯ ಬರೀ ದೀಪ. ಮಿಟುಕಿದವನನ್ನೇ ಕಳಿಸಲು ಹೊರಟಿದ್ದೆ. ತಂತಿ ನಡುವೆ ಎಲ್ಲೋ ತಾಗಿದೆ. ಈಗಿನ ಪೂಜೆ ಮುಗಿಸಿಕೊಂಡು, ಇವತ್ತೇ ಹುಡುಕಲು ಕೂರುತ್ತೇನೆ."

ಹೊರಗೆ ಮಠದ ಬಾಗಿಲಲ್ಲಿ ಎರಡು ಟ್ರ್ಯಾಕ್ಟರಿನಲ್ಲಿ ಭಕ್ತರು ಬಂದು ಇಳಿದಿದ್ದರು. ಮರುಳಸಿದ್ಧನೇ ಅವರನ್ನು ಕೂರಿಸಿ ಬಂದಿದ್ದ. ಒಳಗೆ ಹಾಲಯ್ಯ ಅಕ್ಕಿಯ ಮುಂದೆ ಸೇರು ಹಿಡಿದು, ಎಷ್ಟು ಹಾಕಲಿ ಎಂದು ತೋಚದೆ ನಿಂತಿದ್ದ. ಗುರುಗಳು ಬಾಗಿಲ ಕಡೆ ನೋಡಿದರು. ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಶಿಷ್ಯನನ್ನು ನೋಡಿ ಮೆಲ್ಲಗೆ ಕೇಳಿದರು:

"ಇವತ್ತು ಎಷ್ಟು ಎಲೆ ಎಂದು ಹಾಲಯ್ಯನಿಗೆ ಹೇಳಿ ಬಂದೆಯಾ, ಮರುಳಸಿದ್ಧ?"

ಮರುಳಸಿದ್ಧ ಪೂಜೆಯನ್ನು ಮರೆತು ನೇರ ಅಡುಗೆಮನೆಗೆ ಓಡಿದ.